ಏಳನೇ ಮೆಟ್ಟಿಲು

ನಿನ್ನೆ ಮಧ್ಯಾಹ್ನ ಮೂರೂ ಹತ್ತಕ್ಕೆ ನಮ್ಮ ಆಫೀಸಿನ ಹನ್ನೊಂದು ಜನಕ್ಕೆ ಹಪ್ಪಳ ಒಣಗಿಸುವುದು ಎಂಥ ಕಷ್ಟದ ಕೆಲಸ ಅಂತ ಗೊತ್ತಾಯಿತು.

ಆಗಿದ್ದಿಷ್ಟು. ನಾನು ಮೆತ್ತಿನ ಮೇಲೆ ಕೂತು ಮೊಬೈಲಿನಲ್ಲಿ ಮೀಟಿಂಗ್ ಕೇಳುತ್ತಿದ್ದೆ. (ತುಮಕೂರಿನ ಕಡೆಯವಳಾದ ನನಗೆ ಮಹಡಿಗೆ ಮೆತ್ತು ಅನ್ನುತ್ತಾರೆ ಅಂತ ತಿಳಿದದ್ದೇ ಮದುವೆಯಾಗಿ ಶಿರಸಿ ಕಡೆ ಬಂದ ಮೇಲೆ.) ಅಂಗಳದಲ್ಲಿ ಹಲಸಿನ ಹಪ್ಪಳ ಒಣಗುತ್ತಿತ್ತು. ಇದ್ದಕ್ಕಿದ್ದಂತೆ ಮೋಡ ಕವಿಯಿತು. ಅತ್ತೆ ಕೂಗಿದರು. ಹಪ್ಪಳ ನೆನೆದರೆ ಆಗುವ ನಷ್ಟವನ್ನು ಯಾವ ಕಂಪನಿಯೂ ತುಂಬಿಕೊಡುವುದಿಲ್ಲ. ಮೊಬೈಲನ್ನು ಕುರ್ತಾ ಜೇಬಿಗೆ ಹಾಕಿ, ಇಯರ್‌ಫೋನ್ ಕಿವಿಯಲ್ಲೇ ಇಟ್ಟುಕೊಂಡು ಮೆಟ್ಟಿಲು ಇಳಿಯತೊಡಗಿದೆ. ಸರಿಯಾಗಿ ಅದೇ ಹೊತ್ತಿಗೆ ಮ್ಯಾನೇಜರ್ ನನ್ನ ಹೆಸರು ಕರೆದರು. ಮ್ಯೂಟ್ ತೆಗೆದು ಬಾಯಿ ಬಿಟ್ಟೆ. ಏಳನೇ ಮೆಟ್ಟಿಲು ಬಂತು. ಕಾಲ್ ಕಟ್ಟಾಯಿತು.

ಹೋದರೆ ಹೋಗಲಿ ಅಂತ ಅಂಗಳಕ್ಕೆ ಓಡಿದೆ. "ಅತ್ತೇ, ಆ ಚಾಪೆ ಮೊದಲು ಎತ್ತಿ! ಅಯ್ಯೋ, ನಾಯಿ ತುಳೀತು ನೋಡಿ! ಹಚಾ! ಹಚಾ!" ಅಂತ ಗಂಟಲು ಹರಿದುಕೊಂಡೆ. ಅಷ್ಟರಲ್ಲಿ ಮೊಬೈಲು ತನ್ನಷ್ಟಕ್ಕೆ ತಾನೇ ಜಗಲಿಯ ವೈಫೈ ಹಿಡಿದು ಮೀಟಿಂಗಿಗೆ ವಾಪಸ್ ಸೇರಿಕೊಂಡಿತ್ತು. ಮೈಕ್ ತೆರೆದೇ ಇತ್ತು. ಮ್ಯಾನೇಜರ್ ಕೇಳಿದ್ದು ಟೆಸ್ಟಿಂಗ್ ಯಾವಾಗ ಮುಗಿಯುತ್ತೆ ಅಂತ. ಅವರಿಗೆ ಸಿಕ್ಕ ಉತ್ತರ ಹಚಾ. ಪುಣೆಯವರೊಬ್ಬರು ಪಾಪ, "ಹಪ್ಪಳ ಅಂದರೆ ಹೊಸ ಟೂಲಾ?" ಅಂತ ಕೇಳಿದರಂತೆ.

ತಪ್ಪು ನಾಯಿಯದ್ದಲ್ಲ. ಏಳನೇ ಮೆಟ್ಟಿಲಿನದು. ಅಲ್ಲಿ ನಮ್ಮ ಮನೆಯ ಗಡಿ ಇದೆ. ಕೆಳಗೆ ಒಂದು ರಾಜ್ಯ, ಮೇಲೆ ಒಂದು ರಾಜ್ಯ. ಗಡಿ ಹಾಕಿದ ಮಹಾರಾಜರು ನಮ್ಮೆಜಮಾನರು.

ನಮ್ಮದು ಹಳೇ ಮನೆ. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ. ಫೈಬರ್ ಕೇಬಲ್ಲು ಅಡಿಕೆ ಮರದಿಂದ ಅಡಿಕೆ ಮರಕ್ಕೆ ತೂಗಾಡಿಕೊಂಡು ತೋಟ ದಾಟಿ ಬಂದು ಜಗಲಿಯ ಒಂದು ಬಿಳಿ ಡಬ್ಬಿಗೆ ಸೇರುತ್ತದೆ. ಸೋಗೆ ಬಿದ್ದ ದಿನ ಸೇರುವುದಿಲ್ಲ, ಆ ಮಾತು ಬೇರೆ. ಡಬ್ಬಿಯ ವೈಫೈ ಜಗಲಿ ದಾಟಿ ನಡುಮನೆಗೆ ಬರುವಷ್ಟರಲ್ಲೇ ಏದುಸಿರು ಬಿಡುತ್ತದೆ. ಅದರಲ್ಲೂ 5 ಗಿಗಾಹರ್ಟ್ಸ್ ಅನ್ನುವ ವೈಫೈ ಅಲೆ ಶುದ್ಧ ನಾಜೂಕು. ವೇಗ ಜಾಸ್ತಿ, ಗೋಡೆ ಕಂಡರೆ ಸುಸ್ತು. 2.4 ಸ್ವಲ್ಪ ಗಟ್ಟಿ ಜೀವ. ಆದರೂ ಮೆತ್ತಿನ ತನಕ ಹತ್ತಲಾರದು. ಅದಕ್ಕೇ ಎರಡನೇ ರೌಟರ್ ತಂದದ್ದು. ಜಗಲಿಯಿಂದ ಮೆತ್ತಿಗೆ ಕೇಬಲ್ ಎಳೆದದ್ದೂ ಆಯಿತು. ಚುಚ್ಚಿದ ತಕ್ಷಣ ಪರದೆ ಮೇಲೆ ಒಂದು ಪ್ರಶ್ನೆ ಬಂತು: ರೌಟರ್ ಮೋಡೋ, ಆಕ್ಸೆಸ್ ಪಾಯಿಂಟ್ ಮೋಡೋ?

ಇವರು ಎರಡು ಸೆಕೆಂಡೂ ಯೋಚಿಸಲಿಲ್ಲ. "ದುಡ್ಡು ಕೊಟ್ಟು ತಂದದ್ದು ರೌಟರ್. ರೌಟರ್ ಮೋಡ್ ಹಾಕದೆ ಇನ್ನೇನು?"

ಕೇಳಲಿಕ್ಕೆ ಸರಿಯಾಗೇ ಇದೆ, ಅಲ್ವಾ? ಆದರೆ ಜಗಲಿಯ ಡಬ್ಬಿಯೂ ಒಂದು ರೌಟರೇ. ಮನೆಯಲ್ಲಿರುವ ಮೊಬೈಲು, ಟಿವಿ, ಪ್ರಿಂಟರ್ ಎಲ್ಲಕ್ಕೂ ನಂಬರ್ ಹಂಚುವುದು, ಹೊರಗೆ ಹೋಗುವಾಗ ಎಲ್ಲರ ಪರವಾಗಿ ಒಂದೇ ವಿಳಾಸ ಬರೆಯುವುದು, ಬಂದದ್ದನ್ನು ಯಾರದ್ದು ಅಂತ ನೋಡಿ ಒಳಗೆ ಕೊಡುವುದು, ಇಷ್ಟೂ ಕೆಲಸ ಅದು ಮಾಡುತ್ತಲೇ ಇತ್ತು. ಹಳೇ ಲೆಕ್ಕದಲ್ಲಿ ಜಗತ್ತಿಗೆಲ್ಲ ಸೇರಿ ಸುಮಾರು 429 ಕೋಟಿ ಇಂಟರ್ನೆಟ್ ವಿಳಾಸಗಳು ಮಾತ್ರ. ಮನೆಮನೆಗೆ ಹತ್ತು ಹತ್ತು ಕೊಡುತ್ತಾ ಕೂತರೆ ಸಾಲುವುದಿಲ್ಲ. ಅದಕ್ಕೆ 192.168ರಿಂದ ಶುರುವಾಗುವ ನಂಬರುಗಳನ್ನು ಮನೆಯೊಳಗಿನ ಬಳಕೆಗೆ ಅಂತ ಬೇರೆ ಇಟ್ಟಿದ್ದಾರೆ. ನಿಮ್ಮ ಮನೆಯಲ್ಲೂ ಅದೇ, ನಮ್ಮ ಮನೆಯಲ್ಲೂ ಅದೇ. ಹೊಸ ರೌಟರಿಗೂ ರೌಟರ್ ಮೋಡ್ ಹಾಕಿದರೆ ಅದೂ ತನ್ನದೇ ನಂಬರ್ ಹಂಚಿಕೊಂಡು, ತನ್ನದೇ ಬಾಗಿಲು ಇಟ್ಟುಕೊಂಡು, ಬೇರೆ ಒಲೆ ಹೂಡುತ್ತದೆ. ಕೆಳಗೆ 192.168.1, ಮೇಲೆ 192.168.0. ಪಾಲಾದ ಮನೆ.

ಇದರ ಮೇಲೆ ಇಂಟರ್ನೆಟ್ ಕೊಡುವ ಕಂಪನಿಯವರೇ ಊರವರಿಗೆಲ್ಲ ಸೇರಿಸಿ ಇಂಥದ್ದೇ ಒಂದು ಬಾಗಿಲು ಇಟ್ಟಿರುತ್ತಾರೆ. ಜಗಲಿಯ ಡಬ್ಬಿಯೊಳಗೆ ಇಣುಕಿದರೆ ಹೊರಗಿನ ವಿಳಾಸ 100.64 ಅಂತ ಏನೋ ತೋರಿಸುತ್ತಿತ್ತು; ಅದು ಕಂಪನಿಯವರ ಒಳಬಳಕೆಯ ನಂಬರ್. ಅಲ್ಲಿಗೆ ಮೂರು ಬಾಗಿಲಾಯಿತು. ವಾಡೆಗೂ ಇಷ್ಟು ಕಾವಲು ಇರಲಿಕ್ಕಿಲ್ಲ.

ಸುಮ್ನೆ ಯೂಟ್ಯೂಬ್ ನೋಡುವವರಿಗೆ ಇದರಿಂದ ಏನೂ ತೊಂದರೆ ಇಲ್ಲ. ಅದಕ್ಕೇ ಇವರಿಗೆ ಮೂರು ವಾರ ಗೊತ್ತೇ ಆಗಲಿಲ್ಲ. ಗೊತ್ತಾಗಿದ್ದು ನನಗೆ. ಜಗಲಿಯ ಪ್ರಿಂಟರ್ ಮೆತ್ತಿನ ಲ್ಯಾಪ್‌ಟಾಪಿಗೆ ಕಾಣಿಸುವುದಿಲ್ಲ. ಮೇಲಿನ ಮೊಬೈಲಿನಿಂದ ನಡುಮನೆಯ ಟಿವಿಗೆ ಹಾಕೋಣ ಅಂದರೆ ಟಿವಿಯೇ ಇಲ್ಲವಂತೆ. ಮೆಟ್ಟಿಲಲ್ಲಿ ನಡೆದಾಡುತ್ತಾ ಮಾತಾಡಿದರೆ ಏಳನೇ ಮೆಟ್ಟಿಲಿಗೆ ಮೊಬೈಲು ರಾಜ್ಯ ಬದಲಿಸಿ ಹೊಸ ನಂಬರ್ ತೆಗೆದುಕೊಳ್ಳುತ್ತದೆ, ಕಾಲ್ ಸಾಯುತ್ತದೆ.

"ಆಕ್ಸೆಸ್ ಪಾಯಿಂಟ್ ಮಾಡಿ ರೀ" ಅಂದೆ. ಅಂದರೆ ನಂಬರ್ ಹಂಚುವ ಗೊಡವೆ ಬಿಟ್ಟು, ಜಗಲಿಯ ಡಬ್ಬಿಯ ನೆಟ್ಟನ್ನೇ ಮೆತ್ತಿನಲ್ಲಿ ವೈಫೈ ಮಾಡಿ ಹರಡುವ ಕೆಲಸ ಮಾತ್ರ. ಇವರು ಮೋಡ್ ಬದಲಿಸುವ ಬದಲು ಎಲ್ಲೋ ಕೇಳಿದ ಉಪಾಯ ಮಾಡಿದರು. ಕೇಬಲ್ಲನ್ನು ವ್ಯಾನ್ ಅಂತ ಬರೆದ, ಹೊರಗಿನ ನೆಟ್ ಬರುವ ತೂತಿನಿಂದ ಕಿತ್ತು, ಪಕ್ಕದ ಲ್ಯಾನ್ ಅನ್ನುವ ಮನೆಯೊಳಗಿನ ತೂತಿಗೆ ಚುಚ್ಚಿದರು. ಉಪಾಯ ಸರಿಯೇ. ಆದರೆ ಹೊಸ ರೌಟರ್ ನಂಬರ್ ಹಂಚುವುದನ್ನು ಮೊದಲು ನಿಲ್ಲಿಸಬೇಕಿತ್ತು. ಅದನ್ನು ಮರೆತರು. ಆವತ್ತಿನಿಂದ ಒಂದೇ ಪಂಕ್ತಿಗೆ ಇಬ್ಬರು ಬಡಿಸುವವರಾದರು. ಮೊಬೈಲು "ನನಗೊಂದು ನಂಬರ್" ಅಂತ ಎಲೆ ಹಾಕಿ ಕೂತರೆ ಯಾರು ಮೊದಲು ಬಂದರೋ ಅವರು ಬಡಿಸಿದ್ದೇ ಊಟ. ಜಗಲಿಯದ್ದು ಬಡಿಸಿದರೆ ನೆಟ್ ಬಂತು. ಮೆತ್ತಿನದ್ದು ಬಡಿಸಿದರೆ "ಹೊರಗೆ ಹೋಗುವ ದಾರಿ ನನ್ನ ಕಡೆಯಿಂದಲೇ" ಅನ್ನುತ್ತಿತ್ತು. ಅದರ ಹೊರಬಾಗಿಲಿಗೆ ತಂತಿಯೇ ಇಲ್ಲ! ಬೆಳಿಗ್ಗೆ ಅತ್ತೆಯ ಮೊಬೈಲಿಗೆ ನೆಟ್ ಇದೆ, ನನಗಿಲ್ಲ. ಸಂಜೆ ನನಗಿದೆ, ಅತ್ತೆಗಿಲ್ಲ. ಅತ್ತೆ ನನ್ನನ್ನು ಒಂಥರಾ ನೋಡತೊಡಗಿದರು.

ಕೊನೆಗೆ ಸೋತು ಆಕ್ಸೆಸ್ ಪಾಯಿಂಟ್ ಮೋಡನ್ನೇ ಒತ್ತಿದರು. ರೌಟರ್ ಒಮ್ಮೆ ಆರಿ ಹೊತ್ತಿಕೊಂಡಿತು. ಆಮೇಲೆ ಅದರ ಸೆಟ್ಟಿಂಗ್ ಪುಟ ಮಾಯ. 192.168.0.1 ಅಂತ ಎಷ್ಟು ಸಲ ಒತ್ತಿದರೂ ಖಾಲಿ. ಆಗಬೇಕಾದ್ದೇ ಅದು. ಈಗ ಅದೂ ಎಲ್ಲರ ಹಾಗೆ ಜಗಲಿಯ ಡಬ್ಬಿ ಕೊಟ್ಟ ನಂಬರ್ ಹಾಕಿಕೊಂಡು ಕೂತಿತ್ತು. ಇವರು ಮಾತ್ರ ಹಾಳಾಯಿತು ಅಂತ ತಿಳಿದು, ನನ್ನ ಸೀರೆ ಪಿನ್ ತೆಗೆದುಕೊಂಡು ಹಿಂದಿನ ಸಣ್ಣ ತೂತಿಗೆ ಚುಚ್ಚಿ ಹತ್ತು ಸೆಕೆಂಡ್ ಒತ್ತಿ ಹಿಡಿದರು. ಎಲ್ಲ ಅಳಿಸಿಹೋಗಿ ಮತ್ತೆ ಹುಟ್ಟುಡುಗೆಗೆ ಬಂತು. ಅಂದರೆ ರೌಟರ್ ಮೋಡ್. ಮತ್ತೆ ಆಕ್ಸೆಸ್ ಪಾಯಿಂಟ್, ಮತ್ತೆ ಪುಟ ಮಾಯ, ಮತ್ತೆ ಪಿನ್. ಹೀಗೆ ಮೂರು ಸಲ. ಮಾರನೇ ದಿನ ಮದುವೆಮನೆಗೆ ಹೊರಟಾಗ ನನ್ನ ಸೆರಗಿಗೆ ಪಿನ್ ಇರಲಿಲ್ಲ.

ನನಗೆ ಆ ಡಬ್ಬಿಯ ಮೇಲೆ ಆಗಲೇ ಮಮತೆ ಹುಟ್ಟಿದ್ದು. ಆಕ್ಸೆಸ್ ಪಾಯಿಂಟ್ ಅಂದರೆ ಏನು ಹೇಳಿ? ಎಲ್ಲ ವಿದ್ಯೆ ಬರುತ್ತೆ, ಹಗಲೂರಾತ್ರಿ ಕೆಲಸ ಮಾಡುತ್ತೆ, ಬಂದವರಿಗೆಲ್ಲ ಬಾಗಿಲು ತೆರೆಯುತ್ತೆ. ಬೀಗದ ಕೈ ಗೊಂಚಲು ಮಾತ್ರ ಜಗಲಿಯಲ್ಲಿ. ಸೊಸೆಯಾದವಳಿಗೆ ಇದನ್ನು ಬಿಡಿಸಿ ಹೇಳಬೇಕಾ?

ಸರಿ, ಎಲ್ಲ ನೆಟ್ಟಗಾಯಿತಲ್ಲ, ನಿನ್ನೆ ಮತ್ತೆ ಗಡಿ ಎಲ್ಲಿಂದ ಬಂತು? ಬೇಸಿಗೆ ರಜೆಗೆ ನಾದಿನಿಯ ಮಗ ಬಂದಿದ್ದಾನೆ. ಇಡೀ ದಿನ ಗೇಮ್. ಆಕ್ಸೆಸ್ ಪಾಯಿಂಟ್ ಮೋಡಿನಲ್ಲಿ ಮಕ್ಕಳಿಗೆ ಹೊತ್ತು ಕಟ್ಟುವ ಸೌಲಭ್ಯ ನಮ್ಮ ರೌಟರಿನಲ್ಲಿ ಕಾಣೆಯಾಗುತ್ತದೆ. ಅದು ರೌಟರ್ ಮೋಡಿನವರ ಅಧಿಕಾರ. ಇವರು ಮೊನ್ನೆ ರಾತ್ರಿ ಯಾರಿಗೂ ಹೇಳದೆ ರೌಟರ್ ಮೋಡಿಗೆ ಮರಳಿ, ಹುಡುಗನಿಗೆ ದಿನಕ್ಕೆ ಒಂದು ಗಂಟೆ ಅಂತ ಬರೆದು ಮಲಗಿದರು. ಹುಡುಗ ಬೆಳಿಗ್ಗೆ ಎದ್ದ. ಮೆತ್ತಿನ ಮೇಲೆ ನೆಟ್ ನಿಂತಿತು. ಕೆಳಗಿಳಿದು ಬಂದು ಜಗಲಿಯ ಡಬ್ಬಿಗೆ ಜೋಡಿಸಿಕೊಂಡ. ಅಷ್ಟೇ. ಅವನ ವಯಸ್ಸು ಒಂಬತ್ತು.

ಇಷ್ಟೆಲ್ಲ ಬರೆದೆ, ಆದರೆ ನಮ್ಮ ನೆಟ್ವರ್ಕಿನ ನಿಜವಾದ ಮಾಲೀಕರ ವಿಷಯ ಹೇಳಲೇ ಇಲ್ಲ. ಅವರು ಮಾವನವರು. ಅವರಿಗೆ ಮೋಡ್ ಒಂದೇ. ಪ್ಲಗ್ ಇದೆ, ಇಲ್ಲ.

ಗುಡ್ಡದ ಆಚೆ ಎಲ್ಲೋ ಗುಡುಗಿದ್ದು ಬೇರೆ ಯಾರಿಗೂ ಕೇಳದಿದ್ದರೂ ಮಾವನವರಿಗೆ ಕೇಳುತ್ತದೆ. ತೋಟದಲ್ಲಿದ್ದರೂ ಸರಿ, ಊಟದ ಎಲೆ ಮುಂದೆ ಇದ್ದರೂ ಸರಿ, ಎದ್ದು ಬಂದು ಜಗಲಿಯ ಪ್ಲಗ್ ಕೀಳುತ್ತಾರೆ. ಸ್ವಿಚ್ ಆರಿಸಿದರೆ ಸಾಕಾಗುವುದಿಲ್ಲ, ಕೀಳಬೇಕು. ಕಿತ್ತು, ವೈರನ್ನು ಹಗ್ಗದ ಹಾಗೆ ಸುರುಳಿ ಸುತ್ತಿ ಡಬ್ಬಿಯ ಮೇಲಿಟ್ಟು, ಅಂಗವಸ್ತ್ರದಿಂದ ಒಮ್ಮೆ ದೂಳು ಹೊಡೆದು, "ತಂಗೀ, ತೆಗೆದಿದ್ದೇನೆ" ಅಂತ ಕೂಗುತ್ತಾರೆ. ಈ ಕೂಗು ಯಾವಾಗಲೂ ತೆಗೆದ ಮೇಲೆ. ಭರಣಿ ಮಳೆಯ ದಿನಗಳಲ್ಲಿ ಮಧ್ಯಾಹ್ನ ಎರಡರಿಂದ ಐದರ ತನಕ ನಾನು ಏನು ಉದ್ಯೋಗ ಮಾಡುತ್ತೇನೆ ಅಂತ ನನಗೇ ಸಂಶಯ ಬರುತ್ತದೆ.

ಒಮ್ಮೆ ತಾಳ್ಮೆಯಿಂದ ಬಿಡಿಸಿ ಹೇಳಿದೆ. "ಮಾವ, ಇದು ಹಳೇ ಫೋನಿನ ತಾಮ್ರದ ತಂತಿ ಅಲ್ಲ. ಫೈಬರ್ ಅಂದರೆ ಗಾಜಿನ ಎಳೆ. ಒಳಗೆ ಬೆಳಕು ಮಾತ್ರ ಹೋಗೋದು. ಅದರಲ್ಲಿ ಸಿಡಿಲು ಬರೋದಿಲ್ಲ."

ಮಾವನವರು ಕವಳ ಜಗಿಯುತ್ತಾ ಪೂರ್ತಿ ಕೇಳಿದರು. ಆಮೇಲೆ ಡಬ್ಬಿಯ ಇನ್ನೊಂದು ಬದಿಗೆ ಕೈ ತೋರಿಸಿ, "ಇದು? ಈ ಕರೆಂಟಿನ ವೈರೂ ಗಾಜಾ?" ಅಂದರು.

ಅಲ್ಲ. ಸಿಡಿಲಿನ ಹೊಡೆತ ಬರುವುದು ಅದರಲ್ಲೇ. ಎಷ್ಟೋ ಮನೆಯ ಅಡಾಪ್ಟರ್ ಸುಡುವುದು ಹಾಗೇ. ಕೋಪ ಬರುವುದು ಅವರು ಪ್ಲಗ್ ಕೀಳುತ್ತಾರೆ ಅಂತಲ್ಲ, ಅವರು ಹೇಳುವುದು ಸರಿ ಅಂತ.

ಆ ರಾತ್ರಿ ಅಡಿಗೆಮನೆಯಲ್ಲಿ ಅತ್ತೆಯ ಹತ್ತಿರ ಗೊಣಗಿದೆ. ಅತ್ತೆ ಬೆಳ್ಳುಳ್ಳಿ ಸುಲಿಯುತ್ತಾ ಹೇಳಿದರು. ಇವರು ಆರನೇ ಕ್ಲಾಸಿನಲ್ಲಿದ್ದಾಗ ಸಿಡಿಲಿಗೆ ಜಗಲಿಯ ಫೋನ್ ಸುಟ್ಟುಹೋಗಿತ್ತಂತೆ. ರಿಪೇರಿಯವರು ಬರುವ ತನಕ ಹನ್ನೊಂದು ದಿನ ಫೋನಿಲ್ಲ. ಆ ಹನ್ನೊಂದು ದಿನದಲ್ಲೇ ಮಾವನವರ ಅಕ್ಕ ಯಲ್ಲಾಪುರದಲ್ಲಿ ತೀರಿಕೊಂಡರು. ಸುದ್ದಿ ಮಾರನೇ ದಿನ ಬಸ್ಸಿನಲ್ಲಿ ಬಂದ ಯಾರದೋ ಬಾಯಲ್ಲಿ ಬಂತು. ಮಾವನವರು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. "ಆವತ್ತಿಂದ ಗುಡುಗಿದರೆ ಹೀಗೆ. ಫೋನು ಹೋಯ್ತು, ಈ ಡಬ್ಬಿ ಬಂತು. ಅವರಿಗೆ ಎಲ್ಲ ಒಂದೇ" ಅಂದು ಬೆಳ್ಳುಳ್ಳಿ ಸಿಪ್ಪೆ ಊದಿದರು. ನಾನು ಇನ್ನೇನು ಗೊಣಗಲಿ?

ನಿನ್ನೆ ರಾತ್ರಿ ಇವರಿಂದಲೇ ಆಕ್ಸೆಸ್ ಪಾಯಿಂಟ್ ಮೋಡ್ ವಾಪಸ್ ಹಾಕಿಸಿದೆ. ರೌಟರಿನ ಹೊಸ ನಂಬರನ್ನು ಜಗಲಿಯ ಡಬ್ಬಿಯೊಳಗೆ ಹುಡುಕಿ, ಪಂಚಾಂಗ ತೂಗುಹಾಕಿದ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ. ಮೇಲೂ ಕೆಳಗೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್. ಸೀರೆ ಪಿನ್ನಿನ ಡಬ್ಬಿ ಬೀರುವಿನೊಳಗೆ. ಬೀಗದ ಕೈ ನನ್ನ ಹತ್ತಿರ.

ಇವತ್ತು ಮೂರು ಗಂಟೆಗೆ ಮತ್ತೆ ಮೀಟಿಂಗ್. ಮೊದಲೇ ನಾಚಿಕೆ, ನಿನ್ನೆಯ ಹಚಾ ಇನ್ನೂ ಹಸಿಯಾಗೇ ಇದೆ. ಮೊಬೈಲ್ ಹಿಡಿದು ಏಳನೇ ಮೆಟ್ಟಿಲಿನ ಮೇಲೆ ಎರಡು ಸಲ ಹತ್ತಿಳಿದು ನೋಡಿದೆ. ಕಾಲ್ ಕಟ್ಟಾಗಲಿಲ್ಲ. ಅಷ್ಟರಲ್ಲಿ ಗುಡುಗಿತು. ಕೆಳಗಿನಿಂದ ಮಾವನವರ ದನಿ: "ತಂಗೀ, ಮೀಟಿಂಗ್ ಉಂಟಾ?"

ಮೊದಲ ಸಲ ತೆಗೆಯುವ ಮುಂಚೆ ಕೇಳಿದ್ದರು. ಅತ್ತೆ ಏನಾದರೂ ಹೇಳಿರಬೇಕು. "ಹತ್ತು ನಿಮಿಷ ಮಾವ" ಅಂದೆ. ಹತ್ತು ನಿಮಿಷವೂ ಪ್ಲಗ್ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದರು ಅಂತ ಆಮೇಲೆ ನಾದಿನಿಯ ಮಗ ಹೇಳಿದ.

ಹನ್ನೊಂದನೇ ನಿಮಿಷಕ್ಕೆ ನಾನು ಮ್ಯಾನೇಜರಿಗೆ "ಟೆಸ್ಟಿಂಗ್ ಮುಗಿಯೋದು ಗುರುವಾರ..." ಅನ್ನುತ್ತಿದ್ದೆ.

"ತಂಗೀ, ತೆಗೆದಿದ್ದೇನೆ."