ಮಂಡ್ಯ ಸ್ಟೈಲ್ ಬ್ರಂಚ್, ತಲೆಗೆ ಸಾವಿರದ ಚಿಲ್ಲರೆ

ಮೈಸೂರು–ಬೆಂಗಳೂರು ಹೈವೇ ಬದಿಯ ಆ ಬೋರ್ಡನ್ನು ನೀವೂ ನೋಡಿರುತ್ತೀರಿ. ‘ಮಂಡ್ಯ ಸ್ಟೈಲ್ ಸಂಡೇ ಬ್ರಂಚ್’. ರಾಗಿ ಮುದ್ದೆ, ನಾಟಿಕೋಳಿ ಸಾರು, ಸೆಲ್ಫಿಗೊಂದು ಎತ್ತಿನ ಗಾಡಿ, ಗಾಡಿಗೆ ಕಟ್ಟಿದ ಕಬ್ಬಿನ ಜಲ್ಲೆ. ಮುದ್ದೆ ಅನ್‌ಲಿಮಿಟೆಡ್ ಅಂತೆ. ಬುದ್ಧಿವಂತರು! ಕಾರಿನಲ್ಲಿ ಕೂತು ಬಂದವರು ಎರಡನೇ ಮುದ್ದೆ ಮುಟ್ಟುವುದಿಲ್ಲ ಅಂತ ಅವರಿಗೆ ಗೊತ್ತು.

ಈ ಬ್ರಂಚ್ ಹುಟ್ಟಿದ್ದು ಹಸಿವಿನಿಂದಲ್ಲ, ಹ್ಯಾಂಗೋವರಿನಿಂದ. ಗೈ ಬೆರಿಂಜರ್ ಎಂಬ ಇಂಗ್ಲಿಷಿನವನು 1895ರಲ್ಲಿ ‘ಹಂಟರ್ಸ್ ವೀಕ್ಲಿ’ಯಲ್ಲಿ ಒಂದು ಅಹವಾಲು ಬರೆದ. ಶನಿವಾರ ರಾತ್ರಿ ಜಾಸ್ತಿ ಮಜಾ ಮಾಡಿದವರು ಭಾನುವಾರ ತಡವಾಗಿ ಏಳಲಿ, ಬ್ರೇಕ್‌ಫಾಸ್ಟು ಲಂಚು ಎರಡನ್ನೂ ಸೇರಿಸಿ ಒಂದೇ ಸಲ ಬಡಿಸಿ ಅಂತ. ಮರುವರ್ಷ ‘ಪಂಚ್’ ಪತ್ರಿಕೆ ಈ ಪದವನ್ನು ಹೊಗಳುವ ಹೊತ್ತಿಗೆ ಆ ವೀಕ್ಲಿಯೇ ಮುಚ್ಚಿತ್ತು! ಆಕ್ಸ್‌ಫರ್ಡಿನ ಹುಡುಗರದು ಇನ್ನೂ ಒಂದು ಕೈ ಮೇಲೆ. ಬೆಳಗಿನ ತಿಂಡಿ ಹೊತ್ತಿಗೆ ಹತ್ತಿರವಿದ್ದರೆ ಬ್ರಂಚ್, ಮಧ್ಯಾಹ್ನದ ಊಟಕ್ಕೆ ಹತ್ತಿರವಿದ್ದರೆ ಬ್ಲಂಚ್. ಫೀಸು ಕಟ್ಟಿದ ಅಪ್ಪಂದಿರನ್ನು ನೆನೆದು ಅಯ್ಯೋ ಅನ್ನಿಸುತ್ತೆ.

ನಮ್ಮ ಕನ್ನಡ ಮೇಷ್ಟ್ರು ಇದನ್ನು ಎರಡೇ ನಿಮಿಷದಲ್ಲಿ ಬಿಡಿಸಿ ಹೇಳುತ್ತಿದ್ದರು. ಊಟದಲ್ಲಿ ಒಂದು ಹೊತ್ತು ಲೋಪ. ಬಿಲ್ಲಿನಲ್ಲಿ ಜಿಎಸ್‌ಟಿ ಆಗಮ. ಸರ್ವೀಸ್ ಚಾರ್ಜ್ ಮಾತ್ರ ಆದೇಶ! ಅದನ್ನು ಕಡ್ಡಾಯ ಮಾಡುವಂತಿಲ್ಲ ಅಂತ ದಿಲ್ಲಿ ಹೈಕೋರ್ಟ್ 2025ರಲ್ಲಿ ಹೇಳಿದೆ. ಆದರೆ ಹೆಂಡತಿ ಮಕ್ಕಳ ಎದುರು ಬಿಲ್ಲಿನ ಮೇಲೆ ಜಗಳ ಆಡೋರು ಯಾರು?

ಎರಡು ಹೊತ್ತಿನ ಊಟ ಒಂದಾಗೋದು ಮಂಡ್ಯಕ್ಕೆ ಹೊಸದಾ? ಅಜ್ಜಿಯಂದಿರು ಶನಿವಾರ ಒಪ್ಪೊತ್ತು ಮಾಡುತ್ತಾರೆ, ಅದು ಹೋಗಲಿ, ದೇವರ ಲೆಕ್ಕ. ರಾತ್ರಿ ಕರೆಂಟಿಗೆ ಕಾದು, ಪಂಪ್‌ಸೆಟ್ ಹಾಕಿ, ಗದ್ದೆಗೆ ನೀರು ಕಟ್ಟಿ, ಹನ್ನೊಂದು ಗಂಟೆಗೆ ಮನೆಗೆ ಬಂದು ಉಪ್ಸಾರು ಮುದ್ದೆ ಉಣ್ಣುವವನು ಯಾವ ಲೆಕ್ಕ? ಅವನು ಹೊತ್ತು ಮೀರಿ ಉಂಡರೆ ಬಡತನ. ನಾವು ಉಂಡರೆ ಇನ್‌ಸ್ಟಾಗ್ರಾಂ. ಥೂ.

ಸೆಲ್ಫಿ ಗಾಡಿಗೆ ಕಟ್ಟಿದ ಕಬ್ಬಿಗಾದರೂ ನಗದು ಸಿಕ್ಕಿರಬೇಕು. ಕಾರ್ಖಾನೆಗೆ ಕಬ್ಬು ಹಾಕಿದವರಿಗೆ 14 ದಿನದೊಳಗೆ ದುಡ್ಡು ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶದಲ್ಲಿದೆ. ಅದೂ ಆದೇಶವೇ, ಸ್ವಾಮಿ. ಬಾಕಿ ಕೊಡಿ ಅಂತ ರೈತರು ಇದೇ ಹೈವೇಲಿ ಕೂತರೆ, ಬ್ರಂಚಿಗೆ ಹೊರಟ ಕಾರುಗಳು ಹಿಂದಿನಿಂದ ಹಾರ್ನ್ ಹೊಡೆಯುತ್ತವೆ.