ಉಂಡಿ, ಮಿಣಿ ಮತ್ತು ಅಪ್ಪನ ಬಟನ್

ಬಾಗಲಕೋಟೆಯಲ್ಲಿ ಗೆಳೆಯನ ಮದುವೆ ಇತ್ತು. ಶನಿವಾರ ಬೆಳಿಗ್ಗೆ ಹೋದವನು ನಿನ್ನೆ ಸಂಜೆ ವಾಪಸ್ ಬಂದು ನನ್ನ ಕೋಣೆ ಬಾಗಿಲು ತೆಗೆದೆ. ವಾಸನೆಗೇ ಗೊತ್ತಾಯಿತು, ನಾನಿಲ್ಲದಾಗ ಅಪ್ಪ ಉಳಿತಾಯ ಮಾಡಿದ್ದಾರೆ ಅಂತ.

ಮೂಲೆಯಲ್ಲಿ ನನ್ನದೊಂದು ಸಣ್ಣ ಸೆಕೆಂಡ್ ಹ್ಯಾಂಡ್ ಫ್ರಿಜ್ ಇದೆ. ಅದರ ಬಟನ್ ಬಂದ್ ಆಗಿತ್ತು. ನೀರು ಫರಶಿ ಮೇಲೆ ಹರಿದು ಮಂಚದ ಕಾಲು ಮುಟ್ಟಿತ್ತು. ಒಳಗೆ ಹತ್ತೊಂಬತ್ತು ಇಲಿ. ಶುಕ್ರವಾರ ನೋಡಿದಾಗ ಕಲ್ಲಿನಂತೆ ಗಟ್ಟಿ ಇದ್ದವು. ಈಗ ಹೇಗಿದ್ದವು ಅಂತ ಹೇಳುವುದಿಲ್ಲ. ನೀವು ಊಟ ಮಾಡುತ್ತಾ ಓದುತ್ತಿರಬಹುದು.

"ಅಪ್ಪಾಜಿ, ಫ್ರಿಜ್ ಬಂದ್ ಮಾಡೀರೇನ್ರಿ?"

ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. "ಗುಂಯ್ ಅಂತ ಸಪ್ಪಳ ಮಾಡಾಕತ್ತಿತ್ತು. ಖೋಲ್ಯಾಗ ಯಾರೂ ಇರಲಿಲ್ಲ."

"ಹಾವು ಇದ್ದವಲ್ರಿ!"

"ಅವೇನು ಫ್ರಿಜ್ ತಗದು ತಣ್ಣೀರು ಕುಡೀತಾವೇನು?"

ನಿಮ್ಮ ಮನೆಯಲ್ಲೂ ಇಂಥವರು ಒಬ್ಬರು ಇದ್ದೇ ಇರುತ್ತಾರೆ. ನೀವು ನೀರು ಕುಡಿಯಲು ಎದ್ದು ಹೋಗಿ ಬರುವಷ್ಟರಲ್ಲಿ ಫ್ಯಾನ್ ನಿಂತಿರುತ್ತದೆ. ಬಚ್ಚಲಲ್ಲಿ ಸೋಪು ಹಚ್ಚಿಕೊಂಡು ನಿಂತಾಗ ಕತ್ತಲಾಗುತ್ತದೆ. ನಮ್ಮಪ್ಪ ಈ ವಿದ್ಯೆಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಕರೆಂಟ್ ಹೋದಾಗಲೂ ಎದ್ದು ಹೋಗಿ ಎಲ್ಲ ಬಟನ್ ಬಂದ್ ಮಾಡುತ್ತಾರೆ. ಯಾಕೆ ಅಂದರೆ, "ಹೇಳದ ಕೇಳದ ಬಂದ್ಬಿಡ್ತೈತಿ" ಅನ್ನುತ್ತಾರೆ.

ಗೃಹಜ್ಯೋತಿ ಬಂದ ಮೇಲೆ ಇದು ಜಾಸ್ತಿ ಆಯಿತು. ಬಿಲ್ಲು ಸೊನ್ನೆ ಬಂದರೆ ಮನುಷ್ಯ ನಿರಾಳ ಆಗಬೇಕು, ಅಲ್ವಾ? ಅಪ್ಪನಿಗೆ ಆ ಸೊನ್ನೆಯನ್ನು ಕಾಯುವ ಕೆಲಸ ಹತ್ತಿತು. ಹಳೆ ಸರಾಸರಿಗೆ ಸ್ವಲ್ಪ ಸೇರಿಸಿ ಅಷ್ಟು ಪುಕ್ಕಟೆ, ಅದರ ಮೇಲಿನದಕ್ಕೆ ರೊಕ್ಕ, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ಹೆಡ್ ಮಾಸ್ತರ್ ಆಗಿ ನಿವೃತ್ತರಾದವರಿಗೆ ಇದಕ್ಕಿಂತ ಚಲೋ ಲೆಕ್ಕ ಇನ್ಯಾವುದು ಸಿಗಬೇಕು? ದಿನಾ ಬೆಳಿಗ್ಗೆ ಗೋಳಗುಮ್ಮಟದ ಕಡೆ ವಾಕಿಂಗ್ ಹೋಗುವ ಮೊದಲು ಮೀಟರ್ ನೋಡಿ ಡೈರಿಯಲ್ಲಿ ಬರೆದಿಡುತ್ತಾರೆ. ತಿಂಗಳ ಕೊನೆಯ ವಾರ ನಮ್ಮ ಮನೆಯಲ್ಲಿ ಮಿಕ್ಸರ್ ಹಾಕುವುದಕ್ಕೂ ಪರವಾನಗಿ ಬೇಕು.

ಇಂಥ ಮನೆಗೆ ನಾನು ಇಪ್ಪತ್ನಾಲ್ಕು ತಾಸು ಶಾಖ ಬೇಕಾಗುವ ಎರಡು ಜೀವ ತಂದಿಟ್ಟೆ.

ಒಂದು ಬಾಲ್ ಪೈಥಾನ್. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಕಡೆಯದು, ನಾಲ್ಕೂವರೆ ಫೂಟು. ಹೆದರಿದರೆ ತಲೆಯನ್ನು ನಡುವೆ ಇಟ್ಟುಕೊಂಡು ದುಂಡಗೆ ಚೆಂಡಿನಂತೆ ಸುತ್ತಿಕೊಳ್ಳುತ್ತದೆ. ಮೊದಲ ದಿನ ಅವ್ವ ದೂರದಿಂದ ನೋಡಿ, "ಅಯ್ಯ, ಶೇಂಗಾ ಉಂಡಿ ಕುಂತಂಗ ಕುಂತೈತಲ್ಲೊ" ಅಂದಳು. ಅವತ್ತಿನಿಂದ ಅದು ಉಂಡಿ. ಇನ್ನೊಂದು ಬೋವಾ, ದಕ್ಷಿಣ ಅಮೆರಿಕದ್ದು. ಏಳು ಫೂಟು ಉದ್ದ, ಏಳು ಕೆಜಿ ತೂಕ. ಅಪ್ಪ ಅದನ್ನು ನೋಡಿ ತಮ್ಮ ಅಜ್ಜನ ತೋಟದ ಬಾವಿಯ ಮಿಣಿ ನೆನಪಿಸಿಕೊಂಡರು. ಕಪಿಲೆ ಬಾವಿಗೆ ಎತ್ತು ಹೂಡಿ ನೀರೆತ್ತುವ ದಪ್ಪ ಹಗ್ಗ ಅದು. ಹೀಗೆ ಅದು ಮಿಣಿ ಆಯಿತು. ಎರಡಕ್ಕೂ ವಿಷವಿಲ್ಲ. ಈ ಮಾತನ್ನು ನಾನು ಈವರೆಗೆ ಎಷ್ಟು ಜನರಿಗೆ ಹೇಳಿದ್ದೇನೋ, ಒಬ್ಬರೂ ನಂಬಿಲ್ಲ.

ಪುಣೆಯ ಗೆಳೆಯನೊಬ್ಬ ಪರದೇಶಕ್ಕೆ ನೌಕರಿ ಹಿಡಿದು ಹೋಗುವಾಗ ಕೊಟ್ಟಿದ್ದು. ನಾಗರ, ಕೇರೆ, ನಮ್ಮ ಕಾಡಿನ ಹೆಬ್ಬಾವು ಇವನ್ನೆಲ್ಲ ಮನೆಯಲ್ಲಿ ಇಟ್ಟುಕೊಂಡರೆ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಪರದೇಶದ ಹಾವಿಗೂ ಈಗ ಲೆಕ್ಕ ಕೊಡಬೇಕು. 2022ರಲ್ಲಿ ಕಾಯ್ದೆಗೆ ತಿದ್ದುಪಡಿ ಆಗಿ, 2024ರಲ್ಲಿ ನಿಯಮ ಬಂತು. ಕೇಂದ್ರ ಪರಿಸರ ಇಲಾಖೆಯ ಪರಿವೇಶ್ ಪೋರ್ಟಲ್‌ನಲ್ಲಿ ಹೆಸರು ಹಚ್ಚಬೇಕು. ಕೈ ಬದಲಾದರೆ, ಮರಿ ಆದರೆ, ಸತ್ತರೆ ತಿಳಿಸಬೇಕು. ಅಪ್ಪ ಹಾವನ್ನು ಒಪ್ಪಲಿಲ್ಲ, ಆದರೆ ಅದರ ಕಾಗದಪತ್ರ ಮನಸ್ಸಿಗೆ ಬಂತು. ಲ್ಯಾಮಿನೇಷನ್ ಮಾಡಿಸಿ ರೇಷನ್ ಕಾರ್ಡಿನ ಜೊತೆ ಟ್ರಂಕಿನಲ್ಲಿ ಇಟ್ಟರು. ನನ್ನ ಡಿಗ್ರಿ ಸರ್ಟಿಫಿಕೇಟ್‌ಗೆ ಈ ಭಾಗ್ಯ ಇಲ್ಲ.

ಊಟದ ವಿಷಯ ಬಂದಾಗ ಮಾತ್ರ ದೊಡ್ಡ ಜಗಳ ಆಯಿತು. ನಮ್ಮ ಮನೆಗೆ ತತ್ತಿ ಸುದ್ದಾ ಬಂದಿದ್ದಿಲ್ಲ. "ಅವಕ್ಕ ರೊಟ್ಟಿ ರೂಢಿ ಮಾಡಸಾಕ ಆಗೂದಿಲ್ಲೇನು?" ಅಂತ ಅವ್ವ ನಿಜವಾಗಿಯೂ ಕೇಳಿದಳು. ಕೊನೆಗೆ ಬೇರೆ ಫ್ರಿಜ್, ಬೇರೆ ಚಿಮಟಾ, ಬೇರೆ ಬಕೆಟ್ ಅಂತ ಒಪ್ಪಂದ ಆಯಿತು. ಇಲಿಗಳು ಪುಣೆಯಿಂದ ಥರ್ಮಾಕೋಲ್ ಡಬ್ಬಿಯಲ್ಲಿ ಐಸ್ ತುಂಬಿಕೊಂಡು ರಾತ್ರಿ ಬಸ್ಸಿನಲ್ಲಿ ಬರುತ್ತವೆ. ಅವ್ವ ಆ ಫ್ರಿಜ್ ಕಡೆ ಕಣ್ಣೆತ್ತಿ ನೋಡುವುದಿಲ್ಲ. ಈ ಎರಡು ದಿನ ಹಾವಿನ ಪೆಟ್ಟಿಗೆಯ ಹೀಟಿಂಗ್ ಮ್ಯಾಟ್ ಬಟನ್ ಕಾದವಳು ಅವಳೇ. ಫ್ರಿಜ್ ಹೋಗಿದ್ದು ಅವಳಿಗೆ ಗೊತ್ತಾಗದೇ ಇದ್ದದ್ದು ಅದಕ್ಕೇ.

ಆ ಮ್ಯಾಟಿನದೇ ಒಂದು ಪುರಾಣ. ಪೆಟ್ಟಿಗೆಯ ಒಂದು ಬದಿ 31–32 ಡಿಗ್ರಿ ಇರಬೇಕು. ಇಲ್ಲದಿದ್ದರೆ ತಿಂದದ್ದು ಜೀರ್ಣ ಆಗುವುದಿಲ್ಲ, ಒಮ್ಮೊಮ್ಮೆ ಪೂರ್ತಿ ಹೊರಗೇ ಬರುತ್ತದೆ. ಡಿಸೆಂಬರ್ ರಾತ್ರಿಯಲ್ಲಿ ನಮ್ಮ ಊರು ಎಷ್ಟು ತಂಪು ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಆದರೆ ವಿಜಯಪುರದಲ್ಲಿ ಶಾಖಕ್ಕೆ ಕರೆಂಟ್ ಸುಡುವುದು ಅಂದರೆ ಅಪ್ಪನಿಗೆ ಸಮುದ್ರದ ದಂಡೆಯಲ್ಲಿ ಕುಂತು ಉಪ್ಪು ಕೊಂಡಂತೆ.

ಬಟನ್ ಮೇಲೆ ಸೆಲೋಟೇಪ್ ಹಚ್ಚಿದೆ. ಕಿತ್ತರು. ಚೀಟಿ ಅಂಟಿಸಿದೆ: 'ದಯವಿಟ್ಟು ಬಂದ್ ಮಾಡಬೇಡಿ, ಒಳಗೆ ಹಾವು ಇದೆ.' ಸಂಜೆ ಬಂದು ನೋಡಿದರೆ 'ಹಾವು ಇದೆ' ಅನ್ನುವುದನ್ನು ಕೆಂಪು ಪೆನ್ನಿನಲ್ಲಿ ಹೊಡೆದು 'ಹಾವುಗಳಿವೆ' ಅಂತ ತಿದ್ದಿದ್ದರು. ಬಟನ್ ಬಂದ್ ಮಾಡಿದ್ದರು.

ಮೇ ತಿಂಗಳಲ್ಲಿ ಲೆಕ್ಕ ಉಲ್ಟಾ. ಹೊರಗೆ ನಲವತ್ತು ದಾಟಿದಾಗ ಹಾವುಗಳಿಗೂ ತಡೆಯುವುದಿಲ್ಲ, ಕೋಣೆಗೆ ಕೂಲರ್ ಹಾಕಲೇಬೇಕು. ಆಗ ಮಧ್ಯಾಹ್ನ ಪೂರ್ತಿ ಅಪ್ಪ ನನ್ನ ಕೋಣೆಯಲ್ಲೇ, ಮಿಣಿಯ ಪೆಟ್ಟಿಗೆ ಪಕ್ಕ ಆರಾಮ ಕುರ್ಚಿ ಹಾಕಿಕೊಂಡು ಇರುತ್ತಾರೆ. ಸುಮ್ನೆ ಪರೀಕ್ಷೆ ಮಾಡೋಣ ಅಂತ ಒಮ್ಮೆ ಕೂಲರ್ ಬಟನ್ ಕಡೆ ಕೈ ಚಾಚಿದೆ. "ಮೂಕ ಪ್ರಾಣಿ ಅದಾವ, ಪಾಪ ಹತ್ತತೈತಿ" ಅಂದರು.

ಅವ್ವನ ಚಿಂತೆ ಬೇರೆ. ಬಾಲ್ ಪೈಥಾನ್‌ಗಳು ಚಳಿಗಾಲದಲ್ಲಿ ತಿಂಗಳುಗಟ್ಟಲೆ ಉಪವಾಸ ಕೂರುವುದುಂಟು. ತೂಕ ಇಳಿಯದಿದ್ದರೆ ಗಾಬರಿ ಬೀಳಬೇಕಿಲ್ಲ. ಇದನ್ನು ಒಬ್ಬ ತಾಯಿಗೆ ತಿಳಿಸಿ ಹೇಳುವುದು ಹೇಗೆ? ರಾತ್ರಿ ನಾನು ಮನೆ ಹೊಕ್ಕ ಕೂಡಲೇ "ಉಂಡಿ ಉಂಡೈತೇನೋ?" ಅನ್ನುತ್ತಾಳೆ. "ಉಂಡಿ ಉಂಡಿಲ್ಲ" ಅಂದರೆ ಅವಳಿಗೂ ತುತ್ತು ಇಳಿಯುವುದಿಲ್ಲ. ನಾನು ಉಂಡೆನೋ ಇಲ್ಲವೋ ಅಂತ ಕೇಳಿ ಒಂದು ತಿಂಗಳ ಮೇಲಾಯಿತು. ಪಂಚಮಿಗೆ ನಮ್ಮ ಕಡೆ ನಾಗಪ್ಪನಿಗೆ ಹಾಲೆರೆಯುವಾಗ ಅಪ್ಪನ ಪಾಲು, ಅವ್ವನ ಪಾಲು ಅಂತ ಮನೆಯವರ ಹೆಸರಲ್ಲಿ ಒಂದೊಂದು ಸಲ ಎರೆಯುತ್ತಾರಲ್ಲ, ಕಳೆದ ಪಂಚಮಿಗೆ ಅವ್ವ ಎಲ್ಲರದೂ ಮುಗಿಸಿ ಕೊಬ್ಬರಿ ಬಟ್ಟಲು ಮತ್ತೆ ತುಂಬಿಕೊಂಡಳು. "ಉಂಡಿ ಪಾಲು. ಮಿಣಿ ಪಾಲು." ಹಾವಿಗೆ ಹಾಲು ಜೀರ್ಣ ಆಗುವುದಿಲ್ಲ ಅಂತ ನಾನು ಮೊದಲೇ ಹೇಳಿದ್ದೆ. ಅದಕ್ಕೇ ಅವುಗಳ ಪಾಲನ್ನು ಕಲ್ಲು ನಾಗಪ್ಪನಿಗೆ ಎರೆದಿದ್ದಳು. ಇನ್ನು ಕಲ್ಲ ನಾಗರ, ದಿಟದ ನಾಗರದ ವಚನವನ್ನು ದಯವಿಟ್ಟು ಯಾರೂ ನನಗೆ ಹೇಳಬೇಡಿ. ಮನೆಗೆ ಬಂದವರೆಲ್ಲ ಹೇಳಿಯೇ ಚಹಾ ಕುಡಿದಿದ್ದಾರೆ.

ಮದುವೆ ಮಾತುಕತೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. "ಹುಡುಗಗ ಚಟ ಏನರ ಅದಾವೇನ್ರಿ?" ಅಂತ ಕನ್ಯೆಯ ಕಡೆಯವರು ಕೇಳಿದಾಗ ಅಪ್ಪ, "ಚಟ ಏನಿಲ್ರಿ, ಹಾವು ಅದಾವ" ಅಂದರು. ಅವರು ಅವಲಕ್ಕಿ ಅರ್ಧಕ್ಕೇ ಬಿಟ್ಟು ಎದ್ದರು. ಗುಮ್ಮಟದಲ್ಲಿ ಆಡಿದ ಒಂದು ಮಾತು ಏಳು ಸಲ ಕೇಳಿಸುತ್ತದೆ ಅನ್ನುತ್ತಾರೆ. ನಮ್ಮ ಸುದ್ದಿಗೆ ಗುಮ್ಮಟವೂ ಬೇಕಾಗಲಿಲ್ಲ.

ಸರಿ, ಇಲಿಗೆ ಬರೋಣ. ಒಮ್ಮೆ ಕರಗಿದ್ದನ್ನು ಮತ್ತೆ ಗಟ್ಟಿ ಮಾಡಿ ಹಾವಿಗೆ ಕೊಡುವ ಹಾಗಿಲ್ಲ. ಹತ್ತೊಂಬತ್ತನ್ನೂ ಹುಗಿಯಬೇಕು. ಕಸದ ಗಾಡಿಗೆ ಹಾಕೋಣ ಅಂದರೆ ಅಪ್ಪ ಒಪ್ಪಲಿಲ್ಲ. ಮಾಸ್ತರ ಮನೆಯ ಕಸದಲ್ಲಿ ಇಲಿ ಸಿಕ್ಕವು ಅಂದರೆ ಓಣಿಯಲ್ಲಿ ಮುಖ ಎತ್ತಿ ತಿರುಗುವುದು ಹೇಗೆ? ಹಾಗಾಗಿ ರಾತ್ರಿ ಹತ್ತೂವರೆಗೆ, ಓಣಿ ಮಲಗಿದ ಮೇಲೆ, ಹಿತ್ತಲ ಕಾಂಪೌಂಡ್ ಗೋಡೆ ಮಗ್ಗುಲಿಗೆ ನಾನು ಹಾರೆ ಹಿಡಿದೆ, ಅಪ್ಪ ಟಾರ್ಚ್ ಹಿಡಿದರು. ಮಫ್ಲರ್ ಸುತ್ತಿಕೊಂಡಿದ್ದರು.

"ಎರಡು ಫೂಟು ಆಗಬೇಕು. ಇಲ್ಲಂದ್ರ ನಾಯಿ ಕೆದರತಾವ."

ಹಾರೆ ಎತ್ತಿದೆ. ಕತ್ತಲಾಯಿತು.

ಸೆಲ್ ಹೋಯಿತೇನೋ ಅಂದುಕೊಂಡು ಅಂದಾಜಿನ ಮೇಲೆ ಹೊಡೆದೆ. ನೆಲಕ್ಕೆ ತಾಗುವ ಹೊತ್ತಿಗೆ ಬೆಳಕು ಬಂತು. ಮತ್ತೆ ಎತ್ತಿದೆ. ಮತ್ತೆ ಕತ್ತಲು. ನಾಲ್ಕನೇ ಸಲಕ್ಕೆ ಅರ್ಥ ಆಯಿತು.

"ಅಪ್ಪಾಜಿ, ಟಾರ್ಚ್ ಯಾಕ ಬಂದ್ ಮಾಡಾಕತ್ತೀರಿ?"

"ಹಾರಿ ಮ್ಯಾಲ ಎತ್ತಿದಾಗ ನಿನಗ ಬೆಳಕು ಯಾಕ ಬೇಕು? ಕೆಳಗ ಬರುವಾಗ ಹಚ್ಚಾಕತ್ತೇನಲ್ಲ?"

ಹೇಳಿ, ಈ ಮಾತಿಗೆ ಏನು ಉತ್ತರ ಕೊಡುತ್ತೀರಿ? ಒಂದೂವರೆ ಫೂಟಿಗೆ ಗರಸು ಹತ್ತಿತು. ಹಾರೆ ಬಿದ್ದಲ್ಲೆಲ್ಲ ಕಿಡಿ. ಟಕ್, ಕತ್ತಲು, ಟಕ್, ಬೆಳಕು. ದೂರದಿಂದ ನೋಡಿದವರಿಗೆ ಯಾರೋ ಯಾರಿಗೋ ಸನ್ನೆ ಮಾಡುತ್ತಿದ್ದಾರೆ ಅಂತಲೇ ಅನಿಸಬೇಕು. ಹಾಗೇ ಆಯಿತು. ಪಕ್ಕದ ಮನೆಯ ಮಾಳಿಗೆಯಿಂದ ಅಕ್ಕಾರ ದನಿ ಬಂತು.

"ಸರ, ನೀವೇನ್ರಿ? ಇಷ್ಟೊತ್ತಿನ್ಯಾಗ ಏನ್ ಹುಗ್ಯಾಕತ್ತೀರಿ?"

ನನ್ನ ಕೈಯಲ್ಲಿ ಪುಟ್ಟಿ. ಪುಟ್ಟಿಯಲ್ಲಿ ಹತ್ತೊಂಬತ್ತು. ಅಪ್ಪ ಟಾರ್ಚ್ ಬಂದ್ ಮಾಡಿದರು. ಇಡೀ ರಾತ್ರಿಯಲ್ಲಿ ಸರಿಯಾದ ಹೊತ್ತಿಗೆ ಬಂದ್ ಆದದ್ದು ಅದೊಂದೇ ಸಲ.

"ತೆಂಗಿನ ಸಸಿ ಹಚ್ಚಾಕತ್ತೀವ್ರಿ," ಅಂದರು, ಪ್ರಾರ್ಥನೆಗೆ ಹುಡುಗರನ್ನು ಸಾಲು ನಿಲ್ಲಿಸುವ ದನಿಯಲ್ಲಿ.

"ರಾತ್ರಿಯಾಗೇನ್ರಿ?"

"ತಂಪೊತ್ತಿನ್ಯಾಗ ಬೇರು ಲಗೂ ಹಿಡೀತಾವ್ರಿ."

ಅಕ್ಕಾರು ಸ್ವಲ್ಪ ಹೊತ್ತು ನಿಂತು ಒಳಗೆ ಹೋದರು. ನಾನು ಮಣ್ಣು ಮುಚ್ಚಿದೆ. ಅಪ್ಪ ಅದರ ಮೇಲೆ ನಾಲ್ಕು ಸಲ ಕಾಲಿಂದ ತುಳಿದು, "ಇನ್ನ ಒಂದು ಸಸಿ ತರಾಕಬೇಕು. ನಾಳೆ ಅವರು ನೋಡತಾರ," ಅಂದರು. ಆ ಖರ್ಚು ಯಾರದು ಅಂತ ನಾನು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ.

ರಾತ್ರಿ ನಿದ್ದೆ ಬರಲಿಲ್ಲ. ಸಿಟ್ಟು ಒಂದು, ವಾಸನೆ ಒಂದು. ಮಿಣಿ ಬೆಚ್ಚಗಿನ ಬದಿಯಲ್ಲಿ ಹೊಟ್ಟೆ ಚಾಚಿ ಮಲಗಿತ್ತು. ಉಂಡಿಯ ಕಣ್ಣು ಹಾಲಿನ ಕೆನೆಯಂತೆ ನೀಲಿಗಟ್ಟಿದ್ದವು. ಇನ್ನೊಂದು ವಾರದಲ್ಲಿ ಪೊರೆ ಬಿಡುತ್ತದೆ. ಅದಕ್ಕೀಗ ಆರು ವರ್ಷ. ಚೆನ್ನಾಗಿ ಸಾಕಿದರೆ ಮೂವತ್ತು ವರ್ಷ ಬಾಳುತ್ತವೆ. ಬೇರೆ ಕೆಲಸ ಇಲ್ಲದೆ ಲೆಕ್ಕ ಹಾಕಿದೆ. ಉಂಡಿಗೆ ಮೂವತ್ತಾದಾಗ ನನಗೆ ಐವತ್ತೈದು. ಅಪ್ಪನಿಗೆ ತೊಂಬತ್ತೆರಡು. ಆಗ ಈ ಬಟನ್ ಹಗಲು ರಾತ್ರಿ ಹಾಗೇ ಹಚ್ಚಿಯೇ ಇರುತ್ತದೇನೋ, ಕೇಳುವವರು ಇಲ್ಲದೆ. ಈ ಲೆಕ್ಕ ಯಾಕಾದರೂ ಹಾಕಿದೆನೋ ಅನಿಸಿ ಮಗ್ಗುಲು ಬದಲಿಸಿದೆ. ಸರಿಯಾಗಿ ಆಗ ಬಾಗಿಲಾಚೆ ಚಪ್ಪಲಿ ಸಪ್ಪಳ ಆಯಿತು, ಪಡಸಾಲೆಯ ಝೀರೋ ಬಲ್ಬು ಹೋಯಿತು.

ಇವತ್ತು ಬೆಳಿಗ್ಗೆ ಅಪ್ಪ ವಾಕಿಂಗ್ ಹೋದ ಮೇಲೆ ಡೈರಿ ತೆಗೆದು ನೋಡಿದೆ. ಫ್ರಿಜ್ ಬಂದ್ ಮಾಡಿ ಎಷ್ಟು ಯೂನಿಟ್ ಉಳಿಸಿದರು ಅಂತ ಎದುರಿಗೆ ಇಟ್ಟು ಜಗಳ ಆಡಬೇಕಿತ್ತು. ಯೂನಿಟ್ಟಿನ ಪಕ್ಕ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು ದಿನಾ ಇದೆ: 'ಉಂಡಿ ಉಂಡಿಲ್ಲ, 39.' ಮರುದಿನ, 'ಉಂಡಿ ಉಂಡಿಲ್ಲ, 40.' ನಾನೇ ಇಷ್ಟು ಸರಿಯಾಗಿ ಎಣಿಸಿರಲಿಲ್ಲ. ಓದುತ್ತಾ ಗಂಟಲು ಸ್ವಲ್ಪ ಹಿಡಿದಂತಾಯಿತು. ಅಷ್ಟರಲ್ಲಿ ವಾರದ ಕೊನೆಯ ಒಟ್ಟು ಕಣ್ಣಿಗೆ ಬಿತ್ತು: 'ಉಳಿತಾಯ, ಇಲಿ 1.'

ನಿನ್ನೆಯದು ಹೀಗಿತ್ತು:

'ಯೂನಿಟ್ 4. ಉಂಡಿ ಉಂಡಿಲ್ಲ, 41. ಇಲಿ 19 ಲುಕ್ಸಾನ. ತೆಂಗಿನ ಸಸಿ 1 ತರುವುದು (ಮಗನ ಖರ್ಚು). ಟಾರ್ಚಿನ ಸೆಲ್ ಇನ್ನೂ ಚಲೋ ಅದಾವ.'