ಹೊಸ ಲಾರಿ ಚಾಲಕ ಮೊದಲು ಯಾರ ಬಳಿ ಕೆಲಸಕ್ಕೆ ಸೇರಬೇಕು?

ನನ್ನ ತಂಗಿಯ ಮಗನಿಗೆ ಕಳೆದ ತಿಂಗಳು ಹೆವಿ ಲೈಸೆನ್ಸ್ ಸಿಕ್ಕಿತು. ಲಘು ವಾಹನದ ಲೈಸೆನ್ಸ್ ಕೈಗೆ ಬಂದು ಒಂದು ವರ್ಷ ತುಂಬುವವರೆಗೆ ಭಾರೀ ವಾಹನದ ಎಲ್‌ಎಲ್‌ಆರ್ ಕೂಡ ಕೊಡುವುದಿಲ್ಲವಾದ್ದರಿಂದ, ಅಷ್ಟು ದಿನ ಸುರತ್ಕಲ್‌ನ ಒಂದು ಅಂಗಡಿಯ ಪಿಕಪ್ ಓಡಿಸುತ್ತಾ ಕಾದಿದ್ದ ಹುಡುಗ ಅವನು. ಮೊನ್ನೆ ಭಾನುವಾರ ಮನೆಗೆ ಬಂದವನು, "ಎರಡು ಕಡೆಯಿಂದ ಕರೆ ಉಂಟು ಮಾಮ, ಯಾವುದಕ್ಕೆ ಹೋಗುವುದು?" ಎಂದು ಕೇಳಿದ. ಒಂದು ದೊಡ್ಡ ಟ್ರಾನ್ಸ್‌ಪೋರ್ಟ್ ಕಂಪನಿ, ಹೊಸ ಎ.ಸಿ. ಕ್ಯಾಬಿನ್ ಲಾರಿಗಳು, ಬೆಂಗಳೂರು ಲೈನು, ಸೇರಿದ ದಿನವೇ ಕೈಗೆ ಕೀಲಿ. ಇನ್ನೊಂದು ಬೈಕಂಪಾಡಿಯ ಸಣ್ಣ ಕಚೇರಿ. ಹನ್ನೊಂದು ಲಾರಿಗಳು, ಹೆಚ್ಚಾಗಿ ಪಣಂಬೂರು ಬಂದರಿನ ಕೆಲಸ, ಸಂಬಳ ತಿಂಗಳಿಗೆ 6,000 ರೂಪಾಯಿ ಕಡಿಮೆ, ಅಲ್ಲದೆ ಮೊದಲ ಆರು ತಿಂಗಳು ಹಿರಿಯ ಚಾಲಕರೊಬ್ಬರ ಜೊತೆಗೇ ಹೋಗಬೇಕೆಂಬ ಷರತ್ತು.

ಎರಡನೆಯದಕ್ಕೆ ಹೋಗು ಎಂದು ನಾನು ಹೇಳಿದೆ. ತಂಗಿಗೆ ಅಷ್ಟು ಹಿಡಿಸಲಿಲ್ಲ. ಮನೆಯ ಸಾಲದ ಕಂತು ಕಟ್ಟುವವಳಿಗೆ 6,000 ರೂಪಾಯಿ ಸಣ್ಣ ಮೊತ್ತವಲ್ಲವೆಂಬುದು ನನಗೂ ಗೊತ್ತು. ಹಾಗಿದ್ದರೂ ಏಕೆ ಹಾಗೆ ಹೇಳಿದೆ ಎಂಬುದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಈ ಕರಾವಳಿಯಲ್ಲಿ ಇದೇ ಪ್ರಶ್ನೆಯನ್ನು ಹೊತ್ತುಕೊಂಡಿರುವ ಹುಡುಗರು ಬೇಕಷ್ಟಿದ್ದಾರೆ, ಅವರಿಗೆ ಉತ್ತರ ಹೇಳುವವರು ಕಡಿಮೆ.

ಇಪ್ಪತ್ತು ವರ್ಷಗಳ ಹಿಂದೆ ನಾನು ಸೇರಿದ ಮೊದಲ ಕಂಪನಿಯಲ್ಲಿಯೂ ಮೊದಲ ದಿನವೇ ಕೀಲಿ ಕೊಟ್ಟಿದ್ದರು. ಆ ದಿನ ನನಗಾದ ಸಂತೋಷ ಈಗಲೂ ನೆನಪಿದೆ. ಐದನೆಯ ದಿನ ಹಾಸನದಿಂದ ಪಣಂಬೂರಿಗೆ ಕಾಫಿ ಮೂಟೆಗಳ ಲೋಡು. ಎಂಜಿನ್ನಿನ ಹೊಗೆಯನ್ನು ತಡೆದು ಇಳಿಜಾರಿನಲ್ಲಿ ಲಾರಿಯ ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕ್ ಕೆಲಸ ಮಾಡುತ್ತಿಲ್ಲವೆಂದು ಬೆಳಿಗ್ಗೆಯೇ ಮ್ಯಾನೇಜರಿಗೆ ಫೋನಿನಲ್ಲಿ ತಿಳಿಸಿದ್ದೆ. "ಘಾಟಿಯಲ್ಲಿ ಸ್ವಲ್ಪ ನಿಧಾನ ಬಾ, ಸಾಕು" ಎಂದರು. ಶಿರಾಡಿಯ ರಸ್ತೆ ಆಗ ರಾಷ್ಟ್ರೀಯ ಹೆದ್ದಾರಿ 48 ಆಗಿತ್ತು, ಈಗಿನ 75. ದೋಣಿಗಲ್ ದಾಟಿ ಇಳಿಜಾರು ಶುರುವಾದ ಮೇಲೆ ನಾನು ಗೇರು ಇಳಿಸದೆ ಬ್ರೇಕ್ ಪೆಡಲಿನ ಮೇಲೆ ಕಾಲಿಟ್ಟುಕೊಂಡೇ ಬಂದೆ, ಏಕೆಂದರೆ ನನಗೆ ಬೇರೆ ರೀತಿ ಹೇಳಿಕೊಟ್ಟವರೇ ಇರಲಿಲ್ಲ. ಮಾರನಹಳ್ಳಿ ಕಳೆದ ಮೇಲೆ ಕ್ಯಾಬಿನ್ನಿನೊಳಗೆ ಸುಟ್ಟ ವಾಸನೆ ತುಂಬಿತು. ಪೆಡಲ್ ಒತ್ತಿದರೆ ಗಾಳಿಯ ಸದ್ದು ಬರುತ್ತಿತ್ತು, ಲಾರಿ ಮಾತ್ರ ತಡೆಯುತ್ತಿರಲಿಲ್ಲ. ಹೇಗೋ ಒಂದು ಗೇರು ಕೆಳಗೆ ಎಳೆದು, ಎಡಬದಿಯನ್ನು ಗುಡ್ಡದ ಬದಿಯ ಚರಂಡಿಗೆ ಉಜ್ಜಿಕೊಂಡು ನಿಂತೆ. ಬಲಬದಿಯಲ್ಲಿ ಕೆಳಗೆ ಹೊಳೆಯಿತ್ತು.

ಹಿಂದಿನಿಂದ ಬಂದ ಲಾರಿಯ ಚಾಲಕರೊಬ್ಬರು ಇಳಿದು ಬಂದು, ಏನನ್ನೂ ಕೇಳದೆ ಮೊದಲು ಚಕ್ರದಡಿಗೆ ಕಲ್ಲು ಇಟ್ಟರು. ಚಕ್ರದ ಬ್ರೇಕ್ ಡ್ರಮ್ಮಿಗೆ ನೀರು ಎರಚಲು ಹೊರಟ ನನ್ನ ಕೈ ಹಿಡಿದು ನಿಲ್ಲಿಸಿ, ಕಾದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಡ್ರಮ್ ಬಿರುಕು ಬಿಡುತ್ತದೆ, ತಾನಾಗಿ ಆರಲಿ ಎಂದರು. ಒಂದು ಗಂಟೆ ಕೂರಿಸಿದರು. ಹತ್ತುವಾಗ ಯಾವ ಗೇರಿನಲ್ಲಿ ಹತ್ತುತ್ತೇವೆಯೋ ಇಳಿಯುವಾಗಲೂ ಅದೇ ಗೇರು, ಬ್ರೇಕನ್ನು ಒತ್ತಿ ಬಿಡಬೇಕೇ ಹೊರತು ಒತ್ತಿಕೊಂಡೇ ಇರಬಾರದು ಎಂಬುದನ್ನು ನಾನು ಕಲಿತದ್ದು ಆ ರಾತ್ರಿ, ಆ ಚರಂಡಿಯ ಅಂಚಿನಲ್ಲಿ, ಹೆಸರೂ ಗೊತ್ತಿಲ್ಲದ ಒಬ್ಬರಿಂದ. ಗುಂಡ್ಯದವರೆಗೆ ಅವರು ನನ್ನ ಹಿಂದೆಯೇ ಬಂದರು. ಕಂಪನಿಯವರು ಬಾಡಿ ರಿಪೇರಿಯ ಹಣವನ್ನು ನನ್ನ ಸಂಬಳದಿಂದ ಮೂರು ತಿಂಗಳು ಹಿಡಿದರು.

ಆದ್ದರಿಂದ ಮೊದಲ ಕಂಪನಿಯನ್ನು ಹುಡುಕುವವರಿಗೆ ನಾನು ಹೇಳುವ ಮುಖ್ಯ ಮಾತು ಒಂದೇ: ಎಷ್ಟು ಕೊಡುತ್ತಾರೆ ಎಂದು ಕೇಳುವ ಮೊದಲು, ಯಾರ ಜೊತೆ ಕಳಿಸುತ್ತಾರೆ ಎಂದು ಕೇಳಿ. ನಮ್ಮ ಯಕ್ಷಗಾನ ಮೇಳಗಳಲ್ಲಿ ಹೊಸಬನಾದವನು ಕೋಡಂಗಿಯಾಗಿ, ಬಾಲಗೋಪಾಲನಾಗಿ ಪೂರ್ವರಂಗದಲ್ಲಿ ಕುಣಿದು, ಉಳಿದ ರಾತ್ರಿಯೆಲ್ಲ ಹಿರಿಯರ ವೇಷಗಳನ್ನು ನೋಡುತ್ತಾ ಬೆಳೆದ ಮೇಲಷ್ಟೇ ಪ್ರಸಂಗದೊಳಗಿನ ವೇಷ ಕಟ್ಟುತ್ತಿದ್ದ. ತಾಳ ತಪ್ಪಿದರೆ ಯಾರೂ ಸಾಯದ ರಂಗಸ್ಥಳಕ್ಕೇ ಅಷ್ಟು ಕ್ರಮವಿದೆ. 2018ರಲ್ಲಿ ಸರ್ಕಾರ ಆಕ್ಸಲ್ ತೂಕದ ಮಿತಿಯನ್ನು ಏರಿಸಿದ ಮೇಲೆ ಹತ್ತು ಚಕ್ರದ ಲಾರಿಯ ಒಟ್ಟು ತೂಕ 25 ಟನ್‌ನಿಂದ 28.5 ಟನ್‌ಗೆ ಏರಿತು. ಅಷ್ಟು ತೂಕವನ್ನು ಇಪ್ಪತ್ತೆರಡರ ಹುಡುಗನ ಕೈಗೆ ಕೊಟ್ಟು ಒಬ್ಬನನ್ನೇ ಘಾಟಿಗೆ ಕಳಿಸುವವರು ಅವನ ಮೇಲೆ ವಿಶ್ವಾಸವಿಟ್ಟಿದ್ದಾರೆಂದು ತಿಳಿಯಬಾರದು. ಅವರಿಗೆ ಆ ಕ್ಷಣಕ್ಕೆ ಚಾಲಕರ ಕೊರತೆಯಿದೆ, ಅಷ್ಟೇ.

ಸಂಬಳದ ಮಾತಿಗೆ ಬಂದರೆ, ಮೊತ್ತಕ್ಕಿಂತ ಲೆಕ್ಕದ ಕ್ರಮವನ್ನು ನೋಡಬೇಕು. ಕೆಲವರು ತಿಂಗಳ ಸಂಬಳ ಮತ್ತು ದಿನದ ಭತ್ಯೆ ಕೊಡುತ್ತಾರೆ, ಕೆಲವರು ಟ್ರಿಪ್ಪಿಗೆ ಇಷ್ಟೆಂದು ಕೊಡುತ್ತಾರೆ, ಕೆಲವರು ಬಾಡಿಗೆಯಲ್ಲಿ ಪಾಲು ಕೊಡುತ್ತಾರೆ. ಟ್ರಿಪ್ಪಿನ ಲೆಕ್ಕದಲ್ಲಿ ದುಡಿಯುವವನಿಗೆ ನಿದ್ರೆಯೇ ನಷ್ಟವಾಗಿ ಕಾಣತೊಡಗುತ್ತದೆ. ಅದಕ್ಕಿಂತಲೂ ನನಗೆ ಭಯ ಹುಟ್ಟಿಸುವುದು ಡೀಸೆಲ್ ಲೆಕ್ಕ. ಮಂಗಳೂರಿನಿಂದ ಬೆಂಗಳೂರಿಗೆ ಹೋಗಿ ಬರಲು ಇಷ್ಟು ಲೀಟರ್ ಎಂದು ಕಚೇರಿಯಲ್ಲೇ ನಿಗದಿ ಮಾಡಿ, ಉಳಿಸಿದರೆ ನಿನಗೆ, ಹೆಚ್ಚಾದರೆ ನಿನ್ನ ಸಂಬಳದಿಂದ ಎನ್ನುವ ಪದ್ಧತಿಯಿದೆಯಲ್ಲ, ಅದು ಹೊಸ ಚಾಲಕನನ್ನು ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಲು ಕಲಿಸುತ್ತದೆ. ನ್ಯೂಟ್ರಲ್ ಹಾಕಿದ ಕೂಡಲೇ ಎಂಜಿನ್ನಿನ ಹಿಡಿತ ತಪ್ಪಿ, ಅಷ್ಟೂ ತೂಕ ಬ್ರೇಕ್ ಲೈನಿಂಗಿನ ಮೇಲೆಯೇ ಬೀಳುತ್ತದೆ. ಇದರಲ್ಲಿ ನಿಜವಾದ ಉಳಿತಾಯವೂ ಇಲ್ಲ: ಈಗಿನ ಬಿಎಸ್‌6 ಎಂಜಿನ್‌ಗಳಲ್ಲಿ ಗೇರಿನಲ್ಲಿಯೇ ಇಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಳಿಜಾರಿನಲ್ಲಿ ಡೀಸೆಲ್ ಹರಿಯುವುದೇ ನಿಲ್ಲುತ್ತದೆ, ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಓಡುತ್ತಿರಲು ಡೀಸೆಲ್ ಉರಿಯುತ್ತಲೇ ಇರಬೇಕು. ಇದನ್ನು ತನ್ನ ಚಾಲಕರಿಗೆ ಕೂರಿಸಿಕೊಂಡು ಹೇಳುವ ಮಾಲೀಕನಿದ್ದರೆ ಅವನ ಬಳಿ ಧೈರ್ಯವಾಗಿ ಸೇರಬಹುದು.

ಸೇರುವ ಮೊದಲು ಒಂದು ದಿನ ಬೆಳಿಗ್ಗೆ ಯಾರ್ಡಿಗೆ ಹೋಗಿ ಸುಮ್ಮನೆ ನಿಂತು ನೋಡಿ ಎಂದೂ ಹೇಳುತ್ತೇನೆ. ಬೈಕಂಪಾಡಿಯ ಆ ಸಣ್ಣ ಯಾರ್ಡಿಗೆ ಅಳಿಯನ ಜೊತೆ ನಾನೂ ಹೋಗಿದ್ದೆ. ಅರುವತ್ತರ ಆಸುಪಾಸಿನ ಚಾಲಕರೊಬ್ಬರು ಲಾರಿ ಹೊರಡಿಸುವ ಮೊದಲು ಕಬ್ಬಿಣದ ಲಿವರ್ ಹಿಡಿದು ಒಂದೊಂದೇ ಟೈರಿಗೆ ಬಡಿಯುತ್ತಾ ಸುತ್ತು ಬರುತ್ತಿದ್ದರು. ಹಿಂದಿನ ಜೋಡಿ ಚಕ್ರಗಳಲ್ಲಿ ಹೊರಗಿನದನ್ನು ಬಡಿದ ಮೇಲೆ, ಬಗ್ಗಿ, ಒಳಗಿನದಕ್ಕೆ ಲಿವರ್ ತೂರಿಸಿ ಬಡಿದು ಕಿವಿಗೊಟ್ಟರು. ಗಾಳಿ ಸರಿಯಿರುವ ಟೈರು ಲಿವರನ್ನು ಹಿಂದಕ್ಕೆ ಚಿಮ್ಮಿಸುತ್ತದೆ, ಗಾಳಿಯಿಳಿದದ್ದು ದಬ್ಬೆಂದು ಮಂಕಾಗಿ ಸದ್ದು ಮಾಡುತ್ತದೆ. ಎಡಬದಿಯ ಒಳಚಕ್ರವೊಂದು ಮಂಕಾಗಿ ಕೇಳಿಸಿತು. ಅವರು ಲಿವರ್ ಕೆಳಗಿಟ್ಟು ಕಚೇರಿಗೆ ಹೋಗಿ ಹೇಳಿದರು. ಅಲ್ಲಿಯವರು ಗಡಿಯಾರ ನೋಡಲಿಲ್ಲ, ಟೈರಿನವನಿಗೆ ಫೋನು ಮಾಡಿದರು, ಲೋಡು ಒಂದೂವರೆ ಗಂಟೆ ತಡವಾಗಿ ಹೊರಟಿತು. ಕಂಪನಿಯ ಬಗ್ಗೆ ನನಗೆ ತಿಳಿಯಬೇಕಾದದ್ದು ಅಷ್ಟರಲ್ಲಿಯೇ ತಿಳಿಯಿತು. ಚಾಲಕ ಇಂದು ಹೊರಡಲಾರೆ ಎಂದಾಗ ಕಚೇರಿಯವರ ಮುಖ ಹೇಗಾಗುತ್ತದೆ ಎಂಬುದನ್ನು ಒಮ್ಮೆ ಕಣ್ಣಾರೆ ಕಾಣದೆ ಸೇರಬಾರದು.

ಎ.ಸಿ. ಕ್ಯಾಬಿನ್ ನೋಡಿ ಮರುಳಾಗುವುದು ಬೇಡ. 2025ರ ಅಕ್ಟೋಬರ್ 1ರಿಂದ ತಯಾರಾಗುವ ದೊಡ್ಡ ಲಾರಿಗಳಿಗೆಲ್ಲ ಎ.ಸಿ. ಕ್ಯಾಬಿನ್ ಕಡ್ಡಾಯವಾಗಿದೆ. ಅದು ಕಾನೂನು ಕೊಟ್ಟದ್ದು, ಮಾಲೀಕರ ಔದಾರ್ಯವಲ್ಲ. ನಮ್ಮ ಏಪ್ರಿಲ್ ತಿಂಗಳ ಸೆಕೆಯಲ್ಲಿ ಅದು ದೊಡ್ಡ ಉಪಕಾರವೆಂಬುದನ್ನು ಮಾತ್ರ ಒಪ್ಪಲೇಬೇಕು.

ಯಾವ ಸರಕಿನ ಲೈನು ಎಂಬುದೂ ಮುಖ್ಯ. ಮಲ್ಪೆಯಿಂದಲೋ ಮಂಗಳೂರಿನ ಧಕ್ಕೆಯಿಂದಲೋ ಹೊರಡುವ ಮೀನಿನ ಲಾರಿಗಳಲ್ಲಿ ಕೈಗೆ ಹಣ ಬೇಗ ಬರುತ್ತದೆ. ಆದರೆ ಆ ಮಂಜುಗಡ್ಡೆ ಕರಗುವ ಮೊದಲು ತಲುಪಬೇಕೆಂಬ ಅವಸರ ಇಡೀ ರಾತ್ರಿ ಬೆನ್ನಿಗೆ ಬಿದ್ದಿರುತ್ತದೆ, ಮತ್ತು ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆ 61 ದಿನಗಳಲ್ಲಿ ಚಾಲಕನಿಗೆ ಏನು ಕೊಡುತ್ತೀರಿ ಎಂದು ಮೊದಲೇ ಕೇಳಿಕೊಳ್ಳಬೇಕು. ಗ್ಯಾಸ್ ಟ್ಯಾಂಕರುಗಳಲ್ಲಿ ಸಂಬಳವೂ ಶಿಸ್ತೂ ಹೆಚ್ಚು. ಅದಕ್ಕೆ ಮೂರು ದಿನಗಳ ಅಪಾಯಕಾರಿ ಸರಕು ತರಬೇತಿ ಪಡೆದು ಲೈಸೆನ್ಸಿನಲ್ಲಿ ನಮೂದು ಮಾಡಿಸಿಕೊಳ್ಳಬೇಕು. 2013ರಲ್ಲಿ ಉಪ್ಪಿನಂಗಡಿ ಬಳಿಯ ಪೆರ್ನೆಯಲ್ಲಿ ಟ್ಯಾಂಕರ್ ಉರುಳಿ, ಅನಿಲಕ್ಕೆ ಬೆಂಕಿ ತಗಲಿ, ರಸ್ತೆಬದಿಯ ಮನೆಗಳವರೂ ಸುಟ್ಟುಹೋದುದನ್ನು ಕಂಡ ಈ ಜಿಲ್ಲೆಯವನಾಗಿ, ಮೂರು ದಿನಗಳ ಆ ಪ್ರಮಾಣಪತ್ರವೊಂದನ್ನೇ ನಂಬಿ ಮೊದಲ ವರ್ಷವೇ ಅದಕ್ಕೆ ಕೈಹಾಕಬೇಡಿ ಎನ್ನುತ್ತೇನೆ. ಬಂದರಿನ ಕೆಲಸದಲ್ಲಿ ಗೇಟಿನ ಮುಂದೆ ಗಂಟೆಗಟ್ಟಲೆ ಸರದಿಯಲ್ಲಿ ಕಾಯಬೇಕು, ಮರದ ದಿಮ್ಮಿ, ರಸಗೊಬ್ಬರ, ಕಚ್ಚಾ ಗೇರುಬೀಜದ ಧೂಳು ಕುಡಿಯಬೇಕು, ಸಂಪಾದನೆಯೂ ಕಡಿಮೆ. ಆದರೆ ಇಕ್ಕಟ್ಟಾದ ಯಾರ್ಡಿನಲ್ಲಿ ದಿನಕ್ಕೆ ಹತ್ತು ಸಲ ರಿವರ್ಸ್ ಹಾಕಿ ಹಾಕಿ ಗಾಡಿಯ ಉದ್ದ ಅಗಲ ಮೈಗೆ ಹತ್ತುವುದು ಅಲ್ಲಿಯೇ, ಮತ್ತು ಹೆಚ್ಚಿನ ರಾತ್ರಿಗಳಲ್ಲಿ ಮನೆಯಲ್ಲಿ ಮಲಗಬಹುದು.

ಕಾಗದಪತ್ರದ ವಿಚಾರದಲ್ಲಿ ನಾಚಿಕೆ ಪಡಬಾರದು. ಓವರ್‌ಲೋಡಿಗೆ ದಂಡ 20,000 ರೂಪಾಯಿ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000. ಕಾನೂನು ಓಡಿಸಿದವನನ್ನೂ ಓಡಿಸಿದವನ ಹಿಂದಿರುವವನನ್ನೂ ಒಟ್ಟಿಗೆ ಹಿಡಿಯುತ್ತದೆ, ಆದ್ದರಿಂದ ತೂಕದ ಚೀಟಿ ನೋಡದೆ ಹೊರಡಬಾರದು. ಒರಿಜಿನಲ್ ಲೈಸೆನ್ಸನ್ನು ಕಚೇರಿಯಲ್ಲಿ ಇಟ್ಟುಕೊಳ್ಳುತ್ತೇವೆ ಎನ್ನುವವರ ಬಳಿಗೆ ಹೋಗಲೇಬಾರದು. ದೊಡ್ಡ ಮೊತ್ತದ ಮುಂಗಡವೂ ಹಾಗೆಯೇ, ಅದನ್ನು ಪಡೆದವನು ಬ್ರೇಕ್ ಸರಿಯಿಲ್ಲ ಎಂದು ಗಟ್ಟಿಯಾಗಿ ಹೇಳಲಾರ. ಪಿಎಫ್ ಕಟ್ಟುತ್ತಾರೆಯೇ, ಸಂಬಳವನ್ನು ಸಣ್ಣದಾಗಿ ತೋರಿಸಿ ಉಳಿದದ್ದನ್ನೆಲ್ಲ ಭತ್ಯೆಯೆಂದು ಕೊಡುತ್ತಾರೆಯೇ ಎಂಬುದನ್ನೂ ಅಲ್ಲಿ ದುಡಿಯುವವರಿಂದ ತಿಳಿದುಕೊಳ್ಳಬೇಕು, ಏಕೆಂದರೆ ಪಿಎಫ್ ಜಮೆಯಾಗುವುದು ಸಂಬಳದ ಲೆಕ್ಕದಲ್ಲಿಯೇ ಹೊರತು ದಾರಿಖರ್ಚಿನ ಲೆಕ್ಕದಲ್ಲಿ ಅಲ್ಲ. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿಯನ್ನು ಸಾರಿಗೆ ಕಾರ್ಮಿಕರಿಗೆ 1961ರಲ್ಲಿಯೇ ಕಾಯ್ದೆ ಮಾಡಿ ಕೊಟ್ಟಿದ್ದರು. ಅದನ್ನು ಅಕ್ಷರಶಃ ಪಾಲಿಸುವ ಲಾರಿ ಕಚೇರಿಯನ್ನು ನಾನು ಕಂಡಿಲ್ಲ. ಆದರೆ ಪಾಲಿಸಲು ಪ್ರಯತ್ನಿಸುವವರನ್ನು ಕಂಡಿದ್ದೇನೆ, ಅಂಥವರು ದೂರದ ಟ್ರಿಪ್ಪಿಗೆ ಇಬ್ಬರು ಚಾಲಕರನ್ನು ಕಳಿಸುತ್ತಾರೆ.

ಮಳೆಗಾಲದ ಪ್ರಶ್ನೆಯನ್ನು ಮಾತ್ರ ಯಾರೂ ಮರೆಯಬಾರದು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಶಿರಾಡಿ ಮುಚ್ಚಿದಾಗ, ಲೋಡು ಸಮೇತ ದಾರಿಯಲ್ಲಿ ಸಿಕ್ಕಿಬಿದ್ದ ಚಾಲಕರಲ್ಲಿ ಕೆಲವರಿಗೆ ಹಾಲ್ಟಿಂಗ್ ಭತ್ಯೆ ದಿನಾ ಫೋನಿಗೆ ಬರುತ್ತಿತ್ತು, ಕೆಲವರು ಹೋಟೆಲಿನವರಲ್ಲಿ ಸಾಲ ಬರೆಸಿ ಉಣ್ಣುತ್ತಿದ್ದರು. ಒಂದೇ ರಸ್ತೆ, ಒಂದೇ ಮಳೆ. ಘಾಟಿ ಮುಚ್ಚಿದರೆ ದಿನಕ್ಕೆ ಎಷ್ಟು ಕೊಡುತ್ತೀರಿ ಎಂಬ ಪ್ರಶ್ನೆಗೆ ಸಂಖ್ಯೆಯಲ್ಲಿ ಉತ್ತರಿಸದವರು ಆಗ ಏನನ್ನೂ ಕೊಡುವುದಿಲ್ಲವೆಂದೇ ತಿಳಿಯಬೇಕು.

ಅಳಿಯನ ಮನಸ್ಸಿನಲ್ಲಿ ಗಲ್ಫ್ ಇದೆ. ಎರಡು ವರ್ಷದ ಅನುಭವ ಪತ್ರ ಸಿಕ್ಕಿದರೆ ಹೆವಿ ಡ್ರೈವರ್ ಆಗಿ ಹೋಗಬಹುದೆಂದು ಅವನ ಲೆಕ್ಕ. ಅದರಲ್ಲಿ ತಪ್ಪೇನೂ ಇಲ್ಲ. ನಮ್ಮೂರಿನ ಎಷ್ಟೋ ಮನೆಗಳ ಮಾಡು ನಿಂತಿರುವುದು ಹಾಗೆ ಹೋದವರ ದುಡಿಮೆಯಿಂದ. ಪತ್ರವನ್ನು ಎರಡೂ ಕಂಪನಿಯವರು ಬರೆದುಕೊಡುತ್ತಾರೆ ಎಂದು ಅವನಿಗೆ ಹೇಳಿದೆ. ಅಲ್ಲಿ ಸ್ಟೇರಿಂಗ್ ಹಿಡಿಸಿ ಪರೀಕ್ಷೆ ಮಾಡುವ ದಿನ, ಅನುಭವ ಪತ್ರದಲ್ಲಿದೆಯೋ ಕೈಯಲ್ಲಿದೆಯೋ ಎಂಬುದು ಹತ್ತು ನಿಮಿಷದಲ್ಲಿ ಗೊತ್ತಾಗಿಬಿಡುತ್ತದೆ.

ಬರುವ ಸೋಮವಾರ ಅವನು ಬೈಕಂಪಾಡಿಗೆ ಹೋಗುತ್ತಾನೆ. ಲಿವರ್ ಹಿಡಿದು ಟೈರು ಬಡಿಯುತ್ತಿದ್ದ ಆ ಹಿರಿಯರ ಲಾರಿಯಲ್ಲಿಯೇ ಎಡಬದಿಯ ಸೀಟು. ಘಾಟಿಯ ಲೋಡು ಬಂದಾಗ ಮೊದಲು ನಾಲ್ಕು ಸಲ ನೋಡಲಿ, ಐದನೆಯ ಸಲ ಸ್ಟೇರಿಂಗ್ ಕೊಡುತ್ತೇನೆ ಎಂದು ಅವರು ಹೇಳಿದ್ದಾರೆ. ತಂಗಿಯ ಮನೆಯ ಕಂತಿಗೆ ಕಡಿಮೆ ಬೀಳುವ ಹಣವನ್ನು ಆ ಆರು ತಿಂಗಳು ನಾನು ಕೊಡುತ್ತೇನೆ.